ಚೀಟಿಯಿಂದ ಸೈಕಲ್‌ವರೆಗೆ: ಮಗುವಿನ ಚಲನೆ, ಸಮತೋಲನದ ಥೆರಪಿಯ ಒಂದು ವರ್ಷ

ಕಳೆದ ವಾರ ಮಗಳ ಚಲನೆ, ಸಮತೋಲನದ ಮರುಪರೀಕ್ಷೆ ಮುಗಿಯಿತು. ಶಾಲೆಯಿಂದ ಮೊದಲ ಚೀಟಿ ಬಂದು ಒಂದು ವರ್ಷವಾಯಿತು. ಈ ವರ್ಷದಲ್ಲಿ ಗೊತ್ತಾದದ್ದನ್ನು ಮೊದಲ ತಿಂಗಳಲ್ಲೇ ಯಾರಾದರೂ ಕೂತು ಹೇಳಿದ್ದರೆ ಅರ್ಧ ಓಡಾಟ, ಮುಕ್ಕಾಲು ಗಾಬರಿ ಉಳಿಯುತ್ತಿತ್ತು. ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಯಾವುದೋ ಮನೆಯಲ್ಲಿ ಇಂಥದೇ ಚೀಟಿ ಹಿಡಿದು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಚೀಟಿ ಕೊಟ್ಟದ್ದು ಶಾಲೆಗೆ ಬಂದ ಆರೋಗ್ಯ ತಂಡ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಬರುತ್ತಾರೆ. ಆ ಚೀಟಿಯನ್ನು ಕಳೆಯಬೇಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಮುಂದಿನ ಬಾಗಿಲು ತೆರೆಯುವುದು ಅದೇ. ನಮ್ಮದರಲ್ಲಿ ಎರಡೇ ಸಾಲು ಇತ್ತು: ಒಂಟಿ ಕಾಲಲ್ಲಿ ನಿಲ್ಲಲು ಆಗುವುದಿಲ್ಲ, ಮಕ್ಕಳ ತಜ್ಞರಿಗೆ ತೋರಿಸಿ. ಮಗಳಿಗೆ ಆಗ ಏಳು ವರ್ಷ ತುಂಬಿ ಎರಡು ತಿಂಗಳು, ಎರಡನೇ ತರಗತಿ.

ಮನೆಯಲ್ಲಿ ನಮಗೆ ಕಂಡಿರಲಿಲ್ಲ ಅಂತಲ್ಲ. ಮೆಟ್ಟಿಲು ಇಳಿಯುವಾಗ ಒಂದೊಂದು ಮೆಟ್ಟಿಲಲ್ಲೂ ಎರಡು ಕಾಲು ಕೂಡಿಸಿ ನಿಂತು ಇಳಿಯುತ್ತಿದ್ದಳು. ಚೆಂಡು ಎಸೆದರೆ ಕೈ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಯೂನಿಫಾರ್ಮ್ ಗುಂಡಿ ಹಾಕಲು ಕಾಲು ತಾಸು. ಬರೆದರೆ ಪೆನ್ಸಿಲ್ ಒತ್ತಿ ಹಾಳೆ ಹರಿಯುತ್ತಿತ್ತು. ತೋಟದ ಕಾಲುಸಂಕವನ್ನು ಕೂತು ತೆವಳಿಯೇ ದಾಟುತ್ತಿದ್ದಳು. ಸಾಧಾರಣವಾಗಿ ಮಕ್ಕಳು ನಾಲ್ಕು ವರ್ಷದ ಹೊತ್ತಿಗೆ ಒಂಟಿ ಕಾಲಲ್ಲಿ ಕುಂಟುತ್ತಾರೆ, ಐದರ ಹೊತ್ತಿಗೆ ಹತ್ತು ಸೆಕೆಂಡ್ ನಿಲ್ಲುತ್ತಾರೆ. ಇವಳು ಏಳರಲ್ಲೂ ಎರಡು ಸೆಕೆಂಡ್ ದಾಟುತ್ತಿರಲಿಲ್ಲ. ಮನೆಯಲ್ಲಿ "ಹೆಣ್ಣುಮಗು, ಸ್ವಲ್ಪ ನಾಜೂಕು" ಅಂದರು, ಶಾಲೆಯಲ್ಲಿ "ಲಕ್ಷ್ಯ ಕಮ್ಮಿ" ಅಂದರು. ನಾನೂ ಗದರಿದ್ದೇನೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ.

ಮಕ್ಕಳ ತಜ್ಞರ ಹತ್ತಿರ ಹೋಗುವಾಗ ಚೀಟಿ ಮತ್ತು ಆಧಾರ್ ಮಾತ್ರ ಒಯ್ದಿದ್ದೆ, ತಾಯಿ ಕಾರ್ಡ್ ತನ್ನಿ ಎಂದು ವಾಪಸ್ ಕಳಿಸಿದರು. ಹುಟ್ಟಿದಾಗಿನ ತೂಕ, ಎಷ್ಟನೇ ವಾರಕ್ಕೆ ಹೆರಿಗೆ, ಕೂಡಲೇ ಅತ್ತಿತೋ ಇಲ್ಲವೋ ಎಲ್ಲ ಅದರಲ್ಲಿರುತ್ತದೆ. ದಿನ ತುಂಬದೆ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ನಮ್ಮವಳು 34 ವಾರಕ್ಕೆ ಹುಟ್ಟಿದವಳು. ಜೊತೆಗೆ ಶಾಲೆಯ ಎರಡು ನೋಟ್‌ಬುಕ್, ತರಗತಿಯ ಶಿಕ್ಷಕಿಯಿಂದ ಅರ್ಧ ಪುಟದ ಪತ್ರ, ಮೊಬೈಲಿನಲ್ಲಿ ಮೂರು ವಿಡಿಯೋ ಒಯ್ಯಿರಿ: ಮೆಟ್ಟಿಲು ಇಳಿಯುವುದು, ಓಡುವುದು, ಊಟ ಮಾಡುವುದು. ಒಂದೊಂದೂ ಮೂವತ್ತು ಸೆಕೆಂಡ್ ಸಾಕು. ಡಾಕ್ಟರ ಎದುರು ಮಕ್ಕಳು ಗಟ್ಟಿಯಾಗಿ ನಿಂತುಬಿಡುತ್ತಾರೆ, ನಿಜ ತೋರಿಸುವುದು ವಿಡಿಯೋ.

ಅವರು ಮೊದಲು ನೋಡುವುದು ಇದು ಬೇರೆ ಕಾಯಿಲೆಯಲ್ಲವಲ್ಲ ಎಂಬುದನ್ನು. ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಹತ್ತುತ್ತಾಳೋ, ಎರಡೂ ಪಕ್ಕದ ಬಲ ಒಂದೇ ಇದೆಯೋ, ಮಂಡಿ ತಟ್ಟಿದರೆ ಕಾಲು ಹೇಗೆ ಹಾರುತ್ತದೆ, ಕಣ್ಣು, ಕಿವಿ ಸರಿಯಿವೆಯೋ. ಒಂದು ಮಾತು ಒತ್ತಿ ಹೇಳುತ್ತೇನೆ. ಮೊದಲು ಬರುತ್ತಿದ್ದದ್ದು ಈಗ ಮಗುವಿಗೆ ಬರುತ್ತಿಲ್ಲ, ಒಂದೇ ಪಕ್ಕ ಸೋಲುತ್ತಿದೆ, ಇದ್ದಕ್ಕಿದ್ದಂತೆ ತೂರಾಡುತ್ತಿದೆ, ಬೆಳಗ್ಗೆ ತಲೆನೋವಿನ ಜೊತೆ ವಾಂತಿ ಇದೆ, ಫಿಟ್ಸ್ ಬಂದಿದೆ ಎಂದಾದರೆ ಥೆರಪಿಯ ಮಾತು ಆಮೇಲೆ. ತಡಮಾಡದೆ ಡಾಕ್ಟರಿಗೆ ತೋರಿಸಿ. ಇಂಥದು ಯಾವುದೂ ಇಲ್ಲದೆ, ಪರೀಕ್ಷೆಯಲ್ಲಿ ನರ, ಸ್ನಾಯು ಸರಿಯಿದ್ದರೆ ಎಂಆರ್‌ಐಗೆ ಆತುರಪಡಬೇಡಿ. ಈ ತೊಂದರೆ ಸ್ಕ್ಯಾನಿನಲ್ಲಿ ಕಾಣುವಂಥದಲ್ಲ. ನಮಗೆ ಒಬ್ಬರು ಸ್ಕ್ಯಾನ್ ಬರೆದಿದ್ದರು, ಇನ್ನೊಬ್ಬರು ಕೈಯಾರೆ ಪರೀಕ್ಷಿಸಿ ಬೇಡ ಎಂದರು.

ಹೆಸರು ಗೊತ್ತಾದದ್ದು ಅವರಿಂದಲೇ. ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್, ಚಿಕ್ಕದಾಗಿ ಡಿಸಿಡಿ. ಡಿಸ್‌ಪ್ರಾಕ್ಸಿಯಾ ಎಂದೂ ಹೇಳುತ್ತಾರೆ. ಐದರಿಂದ ಹನ್ನೊಂದು ವರ್ಷದ ನೂರು ಮಕ್ಕಳಲ್ಲಿ ಐದಾರು ಮಂದಿಗೆ ಇರುತ್ತದಂತೆ, ಅಂದರೆ ಹೆಚ್ಚುಕಡಿಮೆ ಪ್ರತಿ ತರಗತಿಗೂ ಒಬ್ಬರು. ಐದು ವರ್ಷಕ್ಕೆ ಮೊದಲು ಸಾಮಾನ್ಯವಾಗಿ ಈ ಹೆಸರು ಬರೆಯುವುದಿಲ್ಲ. ಏನು ಮಾಡಬೇಕೆಂದು ಮಗುವಿಗೆ ಗೊತ್ತಿರುತ್ತದೆ, ಆದರೆ ಅದನ್ನು ಯಾವ ಕ್ರಮದಲ್ಲಿ, ಎಷ್ಟು ಬಲದಲ್ಲಿ, ಯಾವ ಗಳಿಗೆಗೆ ಮಾಡಬೇಕೆಂಬ ಲೆಕ್ಕ ಕೂಡಿಬರುವುದಿಲ್ಲ. ಬೇರೆ ಮಕ್ಕಳು ನೋಡಿ ಕಲಿಯುವುದನ್ನು ಇವರಿಗೆ ಬಿಡಿಸಿ ಕಲಿಸಬೇಕು.

ಇಲ್ಲಿಂದ ನಾವು ದಾರಿ ತಪ್ಪಿದೆವು. ಥೆರಪಿ ಅಂದರೆ ಫಿಜಿಯೋಥೆರಪಿ ಎಂದುಕೊಂಡು ಒಂದೂವರೆ ತಿಂಗಳು ಮಂಡಿನೋವಿನವರ ನಡುವೆ ಸಾಲಿನಲ್ಲಿ ಕೂತೆವು. ತೊಡೆ, ಸೊಂಟದ ಬಲಕ್ಕೆ ವ್ಯಾಯಾಮ ಕೊಟ್ಟರು. ಕಾಲಿಗೆ ಬಲ ಬಂತು, ಮೆಟ್ಟಿಲಲ್ಲಿ ಏನೂ ಬದಲಾಗಲಿಲ್ಲ. ಮಕ್ಕಳ ಚಲನೆಯನ್ನೇ ನೋಡುವ ಫಿಜಿಯೋಥೆರಪಿಸ್ಟ್ ಸಿಕ್ಕರೆ ಖಂಡಿತ ಹೋಗಿ. ಗುಂಡಿ, ಬರವಣಿಗೆ, ಊಟ, ಆಟ ಎಲ್ಲ ಸೇರಿದ್ದರೆ ಕೇಳಬೇಕಾದದ್ದು ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನದ ಕೆಲಸಗಳನ್ನು ಮಾಡಲು ಕಲಿಸುವವರು. ಜಿಲ್ಲಾ ಆಸ್ಪತ್ರೆಯಲ್ಲೂ ಮಕ್ಕಳ ಶೀಘ್ರ ಪತ್ತೆ ಕೇಂದ್ರ ಇದೆಯೇ, ಅಲ್ಲಿ ಈಗ ಆ ಹುದ್ದೆಯಲ್ಲಿ ಜನ ಇದ್ದಾರೆಯೇ ಎಂದು ಫೋನ್ ಮಾಡಿ ಕೇಳಿಯೇ ಹೊರಡಿ. ನಮಗೆ ಕೊನೆಗೆ ದಿನ ಸಿಕ್ಕಿದ್ದು ಉಡುಪಿ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಅದೂ ಐದು ವಾರ ಕಾದು.

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಹೆದ್ದಾರಿ ಹಿಡಿದು ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ. ಬಸ್ಸಿಗೆ ಐದಾರು ತಾಸು. 2023ರ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ತಾಯಿಗೂ ಹೆಣ್ಣುಮಗುವಿಗೂ ಟಿಕೆಟ್ ದುಡ್ಡಿಲ್ಲ. ಉಡುಪಿ ಸುತ್ತಮುತ್ತ ಓಡುವುದು ಬಹುಪಾಲು ಖಾಸಗಿ ಬಸ್ಸು, ಅಲ್ಲಿ ಆ ಸೌಲಭ್ಯವಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಪರೀಕ್ಷೆಯ ದಿನ ಬೆಳಗ್ಗೆ ಹೊರಟು ಮಧ್ಯಾಹ್ನ ತಲುಪುವ ಯೋಚನೆ ಬೇಡ. ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಂಡ ಮಗು ಆವತ್ತು ಸಮತೋಲನದ ಪರೀಕ್ಷೆ ಕೊಡಲಾರದು. ಹಿಂದಿನ ರಾತ್ರಿಯೇ ಹೋಗಿ ಮಲಗಿ.

ಚಲನೆ ಅಳೆಯುವ ಈ ಪರೀಕ್ಷೆಯ ಹೆಸರು ಎಂಎಬಿಸಿ-2. ಏಳರಿಂದ ಹತ್ತು ವರ್ಷದವರಿಗೆ ಎಂಟು ಕೆಲಸ: ರಂಧ್ರಗಳಲ್ಲಿ ಕಡ್ಡಿ ಕೂರಿಸುವುದು, ಹಲಗೆಯ ತೂತುಗಳಲ್ಲಿ ಲೇಸ್ ಪೋಣಿಸುವುದು, ಎರಡು ಗೆರೆಗಳ ನಡುವೆ ಪೆನ್ನು ಓಡಿಸುವುದು, ಗೋಡೆಗೆ ಬಡಿದು ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯುವುದು, ಬೀಜದ ಚೀಲವನ್ನು ಚಾಪೆಯ ಮೇಲೆ ಎಸೆಯುವುದು, ಕಿರಿದಾದ ಹಲಗೆಯ ಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವುದು, ಚಾಪೆಯಿಂದ ಚಾಪೆಗೆ ಕುಂಟುವುದು. ಒಟ್ಟು ಇಪ್ಪತ್ತರಿಂದ ನಲವತ್ತು ನಿಮಿಷ. ಮನೆಯಲ್ಲಿ ಮೊದಲೇ ಇದನ್ನು ಅಭ್ಯಾಸ ಮಾಡಿಸಬೇಡಿ, ಅಂಕ ಸುಳ್ಳಾಗುತ್ತದೆ. ಮಾತಿನ ತೊಡಕು ಬಂದೀತು, ಅದಕ್ಕೆ ತಯಾರಾಗಿರಿ. "ಹಾಪ್ ಮಾಡು" ಎಂದಾಗ ಇವಳು ಸುಮ್ಮನೆ ನಿಂತಿದ್ದಳು. "ಕುಂಟೆಬಿಲ್ಲೆಯಲ್ಲಿ ಕುಂಟುತ್ತಾರಲ್ಲ, ಹಾಗೆ" ಎಂದು ಬಿಡಿಸಿ ಹೇಳಿ ಅವರೇ ಮಾಡಿ ತೋರಿಸಿದ ಮೇಲೆ ಪ್ರಯತ್ನಿಸಿದಳು. ಮನೆಯಲ್ಲಿ ಹವ್ಯಕ, ಕೊಂಕಣಿ, ಏನೇ ಆಡುವವರಾಗಲಿ, ಮಗುವಿಗೆ ಯಾವ ಮಾತು ತಿಳಿಯುತ್ತದೆಂದು ಥೆರಪಿಸ್ಟರಿಗೆ ಮೊದಲೇ ಹೇಳಿ.

ವರದಿ ಬಂದಾಗ ನಾನು ಅತ್ತುಬಿಟ್ಟೆ. ಒಟ್ಟು ಪರ್ಸೆಂಟೈಲ್ 2 ಎಂದಿತ್ತು, ನೂರಕ್ಕೆ ಎರಡು ಅಂಕ ಎಂದುಕೊಂಡೆ. ಅದು ಹಾಗಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಈ ಮಗು ಕೆಳಗಿನಿಂದ ಎರಡನೆಯ ಜಾಗದ ಸುಮಾರಿಗೆ ನಿಲ್ಲುತ್ತದೆ, ಅಷ್ಟೇ ಅದರ ಅರ್ಥ. ಇದರಲ್ಲಿ ಬುದ್ಧಿಯ ಅಳತೆ ಇಲ್ಲವೇ ಇಲ್ಲ. 5 ಅಥವಾ ಅದಕ್ಕಿಂತ ಕೆಳಗಿದ್ದರೆ ಕೆಂಪು, 6ರಿಂದ 15 ಹಳದಿ, ಅದರ ಮೇಲೆ ಹಸಿರು. ಅಂಕ ಕಡಿಮೆ ಬಂದ ಮಾತ್ರಕ್ಕೆ ಡಿಸಿಡಿ ಎನ್ನುವುದೂ ಇಲ್ಲ. ಅದು ದಿನದ ಬದುಕಿಗೆ, ಶಾಲೆಗೆ ಅಡ್ಡ ಬರುತ್ತಿರಬೇಕು, ಚಿಕ್ಕಂದಿನಿಂದ ಇರಬೇಕು, ಬೇರೆ ಕಾಯಿಲೆಯಿಂದ ಬಂದದ್ದಾಗಿರಬಾರದು. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಜೊತೆಗಿರುವ ಮಕ್ಕಳು ಬಹಳ, ಆದ್ದರಿಂದ ಅದನ್ನೂ ಕೇಳಿ ನೋಡಿಸಿ.

ಥೆರಪಿಯ ಕೋಣೆ ನೋಡಿದರೆ ತೂಗುಯ್ಯಾಲೆ, ದೊಡ್ಡ ಬಣ್ಣದ ಚೆಂಡು, ಸುರಂಗ. ಇಷ್ಟೆಲ್ಲ ಮನೆಯಲ್ಲಿ ಎಲ್ಲಿಂದ ತರುವುದು ಎಂಬ ಚಿಂತೆ ಹತ್ತಿತು. ಅಲ್ಲಿನ ಥೆರಪಿಸ್ಟ್ ಮೊದಲ ದಿನವೇ ಅದನ್ನು ಬಿಡಿಸಿದರು. ಉಯ್ಯಾಲೆ ತೂಗಿದರೆ ಮಗುವಿಗೆ ಖುಷಿ, ಆದರೆ ಉಯ್ಯಾಲೆಯಿಂದ ಗುಂಡಿ ಹಾಕಲು ಬರುವುದಿಲ್ಲ. ಯಾವುದು ಬರಬೇಕೋ ಅದನ್ನೇ ತುಂಡುತುಂಡಾಗಿ ಕಲಿಸಬೇಕು. 2019ರ ಅಂತರರಾಷ್ಟ್ರೀಯ ಶಿಫಾರಸುಗಳು ಒತ್ತು ಕೊಡುವುದೂ ಇಂಥ ಕೆಲಸ ಆಧಾರಿತ ಕಲಿಕೆಗೇ. ಯಾರಾದರೂ ಆರು ತಿಂಗಳ ಉಯ್ಯಾಲೆ, ಮೈಗೆ ಬ್ರಶ್ ಉಜ್ಜುವ ಪ್ಯಾಕೇಜ್ ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಇದರ ಕೊನೆಗೆ ನನ್ನ ಮಗು ದಿನದ ಯಾವ ಕೆಲಸ ಮಾಡುತ್ತದೆ?

ಗುರಿ ಮೂರು, ಅದನ್ನು ಆರಿಸುವುದು ಮಗು. ನಾನು ಅಕ್ಷರ ದುಂಡಗಾಗಲಿ ಎಂದು ಕಾಯುತ್ತಿದ್ದೆ. ಅವಳು ಹೇಳಿದ್ದು: ಶರ್ಟಿನ ಗುಂಡಿ, ಕುಂಟೆಬಿಲ್ಲೆ, ಸೈಕಲ್. ಅದನ್ನೇ ಬರೆದುಕೊಂಡರು. ಕೆನಡಾದಲ್ಲಿ ರೂಪಿಸಿದ ಒಂದು ಕ್ರಮವಿದೆ: ಗುರಿ, ಯೋಜನೆ, ಮಾಡು, ನೋಡು. ಕೈ ಹಿಡಿದು ಮಾಡಿಸುವ ಬದಲು "ಈಗ ಯಾಕೆ ಕಾಲು ನೆಲಕ್ಕೆ ಬಂತು? ಮುಂದಿನ ಸಲ ಏನು ಬೇರೆ ಮಾಡಿ ನೋಡ್ತೆ?" ಎಂದು ಕೇಳಿ ಕಾಯಬೇಕು. ತಾಯಂದಿರಿಗೆ ಈ ಕಾಯುವುದೇ ಎಲ್ಲಕ್ಕಿಂತ ಕಷ್ಟ. ಮೊದಲ ಎರಡು ವಾರ "ಯಂಗೆ ಆಗ್ತಿಲ್ಲೆ" (ನನಗೆ ಆಗುವುದಿಲ್ಲ) ಎಂಬುದೊಂದೇ ಉತ್ತರ. ಮೂರನೇ ವಾರ "ಆನು ಕೆಳಗೆ ನೋಡಿದಿ, ಅದ್ಕೆ" (ನಾನು ಕೆಳಗೆ ನೋಡಿದೆ, ಅದಕ್ಕೆ) ಅಂದಳು.

ಮನೆಯ ಅಭ್ಯಾಸ ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ. ಶಾಲೆಯಿಂದ ಬಂದ ಕೂಡಲೇ ಬೇಡ, ಆಸ್ರಿ ಕುಡಿದು ಅರ್ಧ ತಾಸಾದ ಮೇಲೆ. ಅಣ್ಣ ತಮ್ಮಂದಿರು ನಿಂತು ನೋಡುವಾಗಲೂ ಬೇಡ. ಸತತ ಮೂರು ಸಲ ಕೆಟ್ಟರೆ ಒಂದು ಮೆಟ್ಟಿಲು ಸುಲಭಕ್ಕೆ ಇಳಿದು, ಸರಿಯಾಗಿ ಒಂದು ಸಲ ಮಾಡಿಸಿ ನಿಲ್ಲಿಸಬೇಕು.

ಸಮತೋಲನವನ್ನು ಕಾಯುವುದು ಮೂರು: ಕಣ್ಣು, ಒಳಕಿವಿ, ಕೀಲು ಸ್ನಾಯುಗಳ ಅರಿವು. ನಮ್ಮವಳು ಕಣ್ಣಿನ ಮೇಲೆಯೇ ಹೆಚ್ಚು ನೆಚ್ಚಿದ್ದಳು, ಅದಕ್ಕೇ ಮುಸ್ಸಂಜೆಯಲ್ಲಿ ಜಾಸ್ತಿ ಬೀಳುತ್ತಿದ್ದಳಂತೆ. ಶುರು ಮಾಡಿದ್ದು ಜಗುಲಿಯಲ್ಲಿ ಎರಡು ಹಗ್ಗ ಹಾಸಿ: ನಡುವೆ 30 ಸೆಂಟಿಮೀಟರ್, ಉದ್ದ 3 ಮೀಟರ್. ಹತ್ತು ಸಲ ನಡೆದು ಎಂಟು ಸಲ ಹಗ್ಗ ತುಳಿಯದಿದ್ದರೆ 20ಕ್ಕೆ, ಆಮೇಲೆ 10ಕ್ಕೆ. ಆಮೇಲೆ ಅಡಿಕೆ ದಬ್ಬೆ. ಒಣಗಿದ ಅಡಿಕೆ ಮರವನ್ನು ಸರಿ ಅರ್ಧಕ್ಕೆ ಸೀಳಿ, ಸೀಳಿದ ಮುಖ ಮೇಲೆ ಮಾಡಿ ಹಾಸಿದೆವು. ಅಡಿಯ ದುಂಡು ಭಾಗ ಉರುಳುತ್ತದೆ, ಎರಡೂ ತುದಿಗೆ ಅಡ್ಡಪಟ್ಟಿ ಹೊಡೆಯಲೇಬೇಕು. ಅಡಿಕೆಯ ಸಿಬಿರು ಪಾದಕ್ಕೆ ಹೊಕ್ಕರೆ ಮಗು ಮತ್ತೆ ಅದರ ಮೇಲೆ ಕಾಲಿಡುವುದಿಲ್ಲ. ಕೀಸುಳಿಯಲ್ಲಿ ಕೀಸಿ, ಮರಳು ಕಾಗದದಲ್ಲಿ ಉಜ್ಜಿ. ಮಳೆಗಾಲದಲ್ಲಿ ಅಂಗಳದಲ್ಲಿ ಬಿಟ್ಟರೆ ಎರಡೇ ವಾರದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಒಳಗಿಡಿ.

ಒಂಟಿ ಕಾಲಿನ ನಿಲುವಿಗೆ ಗೋಡೆಯ ಮೇಲೆ ಮಗುವಿನ ಕಣ್ಣಿನ ಎತ್ತರಕ್ಕೆ ಒಂದು ಕುಂಕುಮದ ಬೊಟ್ಟು, ಎರಡು ಮೀಟರ್ ದೂರ. ಮೊದಲು ಪಕ್ಕದ ಕಂಬಕ್ಕೆ ಎರಡು ಬೆರಳು, ಆಮೇಲೆ ಒಂದು, ಆಮೇಲೆ ಬಿಟ್ಟು. ಇಲ್ಲಿ ಕೆಡುವುದು ಮೂರು ಕಡೆ. ಎತ್ತಿದ ಕಾಲನ್ನು ನಿಂತ ಕಾಲಿಗೆ ಸುತ್ತಿ ಒತ್ತಿಕೊಳ್ಳುತ್ತಾರೆ, ಉಸಿರು ಕಟ್ಟುತ್ತಾರೆ, ಪಾದ ನೋಡುತ್ತಾರೆ. ಉಸಿರಿಗೆ ಉಪಾಯ ಗಟ್ಟಿಯಾಗಿ ಎಣಿಸುವುದು.

ಕುಂಟುವುದಕ್ಕೆ ಮೊದಲು ಎರಡೂ ಕಾಲಲ್ಲಿ ಜಿಗಿದು ಮಂಡಿ ಬಾಗಿಸಿ ಇಳಿಯಲು ಬರಬೇಕು. ಮಂಡಿ ಸೆಟೆದು ಧಪ್ಪನೆ ಇಳಿಯುವ ಮಗುವನ್ನು ಕುಂಟಿಸಿದರೆ ಪಾದ ನೋಯುತ್ತದೆ, ಹೆದರಿಕೆ ಕೂರುತ್ತದೆ. ಆಮೇಲೆ ಕೈ ಹಿಡಿದು ಒಂದೇ ಕುಂಟು, ನಿಲ್ಲು. ಒಂದು ಕುಂಟಿ ನಿಲ್ಲಲು ಬಂದರೆ ಮಾತ್ರ ಎರಡು. ನಮಗೆ ಒಂದರಿಂದ ಮೂರಕ್ಕೆ ಹೋಗಲು ಏಳು ವಾರ, ಮೂರರಿಂದ ಆರಕ್ಕೆ ಹತ್ತೇ ದಿನ. ಮಣ್ಣಿನ ಅಂಗಳ ಒಳ್ಳೆಯದು, ಚಿರೆಕಲ್ಲಿನ ಮೇಲೆ ಬರಿಗಾಲಲ್ಲಿ ಬೇಡ.

ಚೆಂಡಿಗೆ ಹೆಚ್ಚು ಹೇಳುವುದಿಲ್ಲ: ಬಲೂನು, ಹಳೇ ಸೀರೆಯ ಬಟ್ಟೆ ಚೆಂಡು, ಕೊನೆಗೆ ಪುಟಿದು ಬರುವ ಟೆನಿಸ್ ಚೆಂಡು, ಇದೇ ಕ್ರಮದಲ್ಲಿ.

ಗುಂಡಿಯನ್ನು ಹಿಂದಿನಿಂದ ಕಲಿಸಬೇಕು. ಗುಂಡಿಯನ್ನು ಮುಕ್ಕಾಲು ಪಾಲು ತೂತಿನಿಂದ ದಾಟಿಸಿ ನೀವೇ ಕೊಡಿ, ಮಗು ಎಳೆದು ಮುಗಿಸಲಿ. ಅದು ಕೈಗೆ ಹತ್ತಿದ ಮೇಲೆ ಅರ್ಧ ದಾಟಿಸಿ ಕೊಡಿ, ಕೊನೆಗೆ ಪೂರ್ತಿ. ಹೀಗೆ ಪ್ರತಿ ಸಲವೂ ಕೆಲಸ ಮುಗಿಸಿದ್ದು ಮಗುವೇ ಆಗುತ್ತದೆ. ಶುರುವಿಗೆ ಎರಡೂವರೆ ಸೆಂಟಿಮೀಟರ್ ಗುಂಡಿ ಹೊಲಿದ ಬಟ್ಟೆ ತೊಡೆಯ ಮೇಲೆ, ಆಮೇಲೆ ಮೈಮೇಲೆ, ಅದೂ ಕಣ್ಣಿಗೆ ಕಾಣುವ ಕೆಳಗಿನ ಗುಂಡಿಯಿಂದ ಮೇಲಕ್ಕೆ. ಹೊಸ ಯೂನಿಫಾರ್ಮಿನ ತೂತು ಬಿಗಿ. ಎರಡು ಸಲ ಒಗೆದು, ಟೈಲರ್ ಹತ್ತಿರ ಗುಂಡಿಯ ದಾರವನ್ನು ಸ್ವಲ್ಪ ಸಡಿಲ ಬಿಟ್ಟು ಹೊಲಿಸಿದರೆ ಅರ್ಧ ಕಷ್ಟ ಹೋಗುತ್ತದೆ.

ಸೈಕಲ್ಲಿಗೆ ಪಕ್ಕದ ಚಿಕ್ಕ ಚಕ್ರ ಹಾಕಿಸಬೇಡಿ. ಅದರಲ್ಲಿ ಸೈಕಲ್ ವಾಲುವುದೇ ಇಲ್ಲ, ವಾಲಿದಾಗ ಸರಿಪಡಿಸುವುದನ್ನು ಮಗು ಕಲಿಯುವುದೂ ಇಲ್ಲ. ಎರಡೂ ಪೆಡಲ್ ಬಿಚ್ಚಿ. ಹದಿನೈದರ ಸ್ಪ್ಯಾನರ್ ಸಾಮಾನ್ಯವಾಗಿ ಹೊಂದುತ್ತದೆ. ಎಡಗಡೆಯದರ ಮರೆ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ನಾವು ಗೊತ್ತಿಲ್ಲದೆ ಮರೆ ಹಾಳುಮಾಡಿ ಕ್ರ್ಯಾಂಕ್ ಬದಲಿಸಬೇಕಾಯಿತು. ಸೀಟು ಎರಡೂ ಪಾದ ಪೂರ್ತಿ ನೆಲಕ್ಕೂರುವಷ್ಟು ಕೆಳಗೆ. ಕಾಲಲ್ಲಿ ತಳ್ಳುತ್ತ, ಸಣ್ಣ ಇಳುಕಲಿನಲ್ಲಿ ಎರಡೂ ಕಾಲೆತ್ತಿ ಮೂರ್ನಾಲ್ಕು ಮೀಟರ್ ತೇಲಲು ಬಂದ ಮೇಲೆಯೇ ಪೆಡಲ್. ಕುಮಟಾದ ನೆಂಟರ ಮನೆಗೆ ಹೋದಾಗ ಸಮುದ್ರದಂಡೆಯ ಒದ್ದೆ ಗಟ್ಟಿ ಮರಳಿನಲ್ಲಿ ಬಿಟ್ಟೆವು. ಬಿದ್ದರೂ ನೋವಿಲ್ಲ, ಜಾಗವೂ ಧಾರಾಳ. ಒಣಮರಳಿನಲ್ಲಿ ಚಕ್ರ ಹೂತು ಬೀಳಿಸುತ್ತದೆ. ಉಪ್ಪುನೀರು ತಾಗಿದ ಚೈನನ್ನು ಅವತ್ತೇ ತೊಳೆದು ಎಣ್ಣೆ ಬಿಡಿ.

ಡಿಸೆಂಬರ್‌ನಲ್ಲಿ ಮೂರು ದಿನ ಉಡುಪಿ ಕಡೆಯೇ ಉಳಿದು ಥೆರಪಿಯ ಮೂರು ಪಾಠ, ಆಮೇಲೆ ಏಪ್ರಿಲ್‌ವರೆಗೆ ತಿಂಗಳಿಗೊಂದು. ಜೂನ್ ಹೊತ್ತಿಗೆ ದೇವಿಮನೆಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತು, ಸಿದ್ದಾಪುರ, ಮಾವಿನಗುಂಡಿ ಮೇಲೆ ಹೊನ್ನಾವರಕ್ಕೆ ಸುತ್ತಬೇಕು. ಹೋಗುವುದನ್ನು ಬಿಟ್ಟು ವಿಡಿಯೋ ಕಳಿಸಿದೆವು. ಪಕ್ಕದಿಂದ, ಪಾದದಿಂದ ತಲೆಯವರೆಗೆ ಕಾಣುವಂತೆ ತೆಗೆಯಿರಿ, ಎದುರಿನಿಂದ ತೆಗೆದರೆ ಮಂಡಿ ಬಾಗಿದ್ದು ಕಾಣುವುದಿಲ್ಲ. ಈ ಏರ್ಪಾಡನ್ನು ಮೊದಲ ತಿಂಗಳೇ ಕೇಳಿಕೊಂಡಿದ್ದರೆ ಎರಡು ಪ್ರಯಾಣ ಉಳಿಯುತ್ತಿತ್ತು.

ಖರ್ಚು ಹೀಗೆ: ಎರಡು ಪರೀಕ್ಷೆಗೆ 3,600 ರೂಪಾಯಿ, ಏಳು ಪಾಠಕ್ಕೆ 3,150, ಒಂಬತ್ತು ರಾತ್ರಿಯ ಕೋಣೆಗೆ 8,100, ಊಟ ಮತ್ತು ಖಾಸಗಿ ಬಸ್ಸಿಗೆ ಸುಮಾರು 5,000, ಸಾಮಾನಿಗೆ 650. ಒಟ್ಟು ಇಪ್ಪತ್ತು ಸಾವಿರದ ಐನೂರು. ಥೆರಪಿಗಿಂತ ಉಳಿಯುವುದಕ್ಕೇ ಹೆಚ್ಚು ಹೋಯಿತು. ಅಲ್ಲಿ ನೆಂಟರಿದ್ದರೆ ಸಂಕೋಚ ಬಿಟ್ಟು ಕೇಳಿ.

ಶಾಲೆಗೆ ವರದಿಯ ಪ್ರತಿ ಮಾತ್ರ ಕೊಟ್ಟರೆ ಕಪಾಟು ಸೇರುತ್ತದೆ. ಥೆರಪಿಸ್ಟರಿಂದ ಒಂದೇ ಪುಟದ ಕನ್ನಡ ಪತ್ರ ಬರೆಸಿಕೊಳ್ಳಿ: ಬೆಂಚಿನಲ್ಲಿ ಕಾಲು ಜೋತಾಡದಂತೆ ಪಾದದ ಕೆಳಗೊಂದು ಮಣೆ, ಬೋರ್ಡಿನಿಂದ ನಕಲು ಮಾಡುವುದು ಅರ್ಧಕ್ಕೆ, ಬರೆಯಲು ಹೆಚ್ಚು ಸಮಯ, ಆಟದ ಪೀರಿಯಡ್ಡಿನಲ್ಲಿ ಹೊರಗೆ ಕೂರಿಸದಿರುವುದು. ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಹಿಡಿದರೆ ಇದು ಬೇಗ ಆಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸಿಡಿ ಎಂಬ ಹೆಸರಿಲ್ಲ, ಆದರೆ ನಿರ್ದಿಷ್ಟ ಕಲಿಕಾ ನ್ಯೂನತೆಯ ವಿವರಣೆಯೊಳಗೆ ಡಿಸ್‌ಪ್ರಾಕ್ಸಿಯಾ ಇದೆ. ಆ ಪದವನ್ನೂ ವರದಿಯಲ್ಲಿ ಬರೆಯಲು ಬರುತ್ತದೆಯೇ ಎಂದು ಡಾಕ್ಟರನ್ನು ಕೇಳಿ, ಮುಂದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳುವಾಗ ಬೇಕಾದೀತು. ಪ್ರಮಾಣಪತ್ರಕ್ಕೆ ಎಂಟು ತುಂಬಿದ ಮೇಲೆ ಬನ್ನಿ ಎಂದು ನಮಗೆ ಹೇಳಿದ್ದರು. ಈಗ ತುಂಬಿದೆ, ಕಾಗದ ಜೋಡಿಸುತ್ತಿದ್ದೇವೆ.

ಮರುಪರೀಕ್ಷೆಯಲ್ಲಿ ಒಟ್ಟು 9 ಬಂತು, ಕೆಂಪಿನಿಂದ ಹಳದಿಗೆ. ಡಿಸಿಡಿ ಹೋಗಿಲ್ಲ, ಹೋಗುವುದೂ ಇಲ್ಲವೇನೋ, ಹೊಸ ಕೆಲಸ ಬಂದಾಗಲೆಲ್ಲ ಹೀಗೇ ಬಿಡಿಸಿ ಕಲಿಯಬೇಕು ಎಂದರು. ಗುಂಡಿ ಈಗ ಮೂರು ನಿಮಿಷ. ಕುಂಟೆಬಿಲ್ಲೆಯಲ್ಲಿ ಐದನೇ ಮನೆಯವರೆಗೆ ಹೋಗುತ್ತಾಳೆ, ತಿರುಗುವಲ್ಲಿ ಕಾಲು ಊರುತ್ತಾಳೆ. ಸೈಕಲ್ಲಿಗೆ ಪೆಡಲ್ ಹಾಕಿ ಹನ್ನೆರಡು ದಿನವಾಯಿತು, ಹೊರಡುವಾಗ ಮಾತ್ರ ಸೀಟು ಹಿಡಿಯಬೇಕು. ನೋಟ್‌ಬುಕ್ಕಿನಲ್ಲಿ ಮುಂದಿನ ಗುರಿಯನ್ನು ಅವಳೇ ಬರೆದಿದ್ದಾಳೆ, ಹಾಳೆ ಹರಿಯದ ಹಾಗೆ: "ಸಂಕ. ನಿಂತ್ಕಂಡು."